ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯ ಮಾಜಿ ಅಧ್ಯಕ್ಷ ಅನೋಟೆ ಟಾಂಗ್, ಕಡಲು ಏರುತ್ತಿದೆ ಅಂತ ತಮ್ಮ ಜನರನ್ನೆಲ್ಲ ಫಿಜಿಗೆ ಸಾಗಿಸಲು ಹೊರಟಿದ್ದು ನಿಜವೇ? ಅವರು ಒಳ್ಳೆಯ ನಾಯಕರಾಗಿದ್ದರೇ? ಅವರ ಬಗ್ಗೆ ಊರಿನವರು ಏನನ್ನುತ್ತಾರೆ?

ಫಿಜಿಯಲ್ಲಿ ಜಮೀನು ಕೊಂಡಿದ್ದು ನಿಜ. ಎಲ್ಲರನ್ನೂ ಸಾಗಿಸಲು ಹೊರಟಿದ್ದರು ಅನ್ನುವುದು ಸುದ್ದಿಯ ಬಾಯಲ್ಲಿ ಬೆಳೆದ ಮಾತು.

2014ರಲ್ಲಿ ಅವರ ಸರ್ಕಾರ ಫಿಜಿಯ ವನುವಾ ಲೆವು ದ್ವೀಪದಲ್ಲಿ ಸುಮಾರು 5,500 ಎಕರೆಯ ನಾಟೋವಾಟು ಎಸ್ಟೇಟನ್ನು ಚರ್ಚ್ ಆಫ್ ಇಂಗ್ಲೆಂಡಿನಿಂದ ಕೊಂಡಿತು. ಬೆಲೆ ಸುಮಾರು 87 ಲಕ್ಷ ಅಮೆರಿಕನ್ ಡಾಲರ್. ಆಹಾರ ಬೆಳೆಯಲು, ದೇಶಕ್ಕೊಂದು ಆಸ್ತಿಯಾಗಲಿ ಅಂತ ಕೊಂಡಿದ್ದು; ತೀರಾ ಗತ್ಯಂತರವಿಲ್ಲದಿದ್ದರೆ ಕೊನೆಯ ದಾರಿಯೂ ಆದೀತು ಅಂತ ಟಾಂಗ್ ಹೇಳಿದ್ದುಂಟು. ಸ್ಥಳಾಂತರವಂತೂ ಆಗಲೇ ಇಲ್ಲ. ಆ ಎಸ್ಟೇಟಿನೊಳಗೆ ಹಿಂದೆ ಸೊಲೊಮನ್ ದ್ವೀಪಗಳಿಂದ ಕೂಲಿಗೆ ತಂದವರ ಮೊಮ್ಮಕ್ಕಳು, ಮರಿಮಕ್ಕಳು ಮೊದಲೇ ನೆಲೆಸಿದ್ದರು. ಹಾಗಾಗಿ ಅದು ಖಾಲಿ ನೆಲವೂ ಆಗಿರಲಿಲ್ಲ.

ನಾನು ಕೆಲವು ವರ್ಷ ಆಕ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡಿದವಳು. ಜೊತೆಗಿದ್ದ ನರ್ಸ್ ಒಬ್ಬರು ಕಿರಿಬಾಟಿಯ ಅಬಯಾಂಗ್ ದ್ವೀಪದವರು. ಮೊದಲ ದಿನವೇ ನನ್ನ ಉಚ್ಚಾರ ತಿದ್ದಿದರು: ಬರೆಯುವುದು 'ಟಿ' ಅಂತ, ಅನ್ನುವುದು 'ಕಿರಿಬಾಸ್'. ಒಮ್ಮೆ ಫೋನಿನಲ್ಲಿ ಅಮ್ಮನ ಮನೆಯ ಬಾಬಾಯಿ ಹೊಂಡದ ಫೋಟೊ ತೋರಿಸಿದರು. ಬಾಬಾಯಿ ಅಂದರೆ ನಮ್ಮ ಕೆಸುವಿನ ಜಾತಿಯದೇ ದೊಡ್ಡ ಗಡ್ಡೆ. ಸಿಹಿನೀರು ಸಿಗುವಷ್ಟು ಆಳಕ್ಕೆ ಹೊಂಡ ತೋಡಿ ನೆಡುತ್ತಾರೆ. ದೊಡ್ಡ ಉಬ್ಬರದ ದಿನ ಕಡಲು ಒಳಗೆ ನುಗ್ಗಿತ್ತು. ಎಲೆಗಳು ಅಂಚಿನಿಂದ ಹಳದಿಯಾಗಿ ಸುರುಟಿಕೊಂಡಿದ್ದವು, ಗಡ್ಡೆ ಕಿತ್ತರೆ ಕೈಯಲ್ಲೇ ಕೊಳೆತು ಬರುತ್ತಿತ್ತಂತೆ. ಅಲ್ಲಿನ ಬಹುಪಾಲು ನೆಲ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಅದನ್ನು ನೋಡಿದ ಮೇಲೆ ಕಡಲು ಏರಿ ಬರುತ್ತಿದೆ ಅನ್ನುವ ಟಾಂಗ್ ಅವರ ಮಾತು ನನಗೆ ಬರೀ ಭಾಷಣವಾಗಿ ಕೇಳಿಸಲಿಲ್ಲ.

ಟಾಂಗ್ 1952ರಲ್ಲಿ, ಈಗ ಕಿರಿಬಾಟಿಗೆ ಸೇರಿದ ಫ್ಯಾನಿಂಗ್ ದ್ವೀಪದಲ್ಲಿ ಹುಟ್ಟಿದವರು. ತಂದೆ ಚೀನಾದಿಂದ ಬಂದು ನೆಲೆಸಿದವರು, ತಾಯಿ ಅಲ್ಲಿಯವರೇ. ಓದಿದ್ದು ನ್ಯೂಜಿಲೆಂಡ್ ಮತ್ತು ಲಂಡನ್ನಿನಲ್ಲಿ. 2003ರಲ್ಲಿ ಹಿಂದಿನ ಅಧ್ಯಕ್ಷ ಟೆಬುರೊರೊ ಟಿಟೊ ಅವಿಶ್ವಾಸ ಮತದಲ್ಲಿ ಸೋತು ಚುನಾವಣೆ ಬಂದಾಗ ಟಾಂಗ್ ಅವರ ಎದುರು ನಿಂತವರು ಒಡಹುಟ್ಟಿದ ಅಣ್ಣ ಹ್ಯಾರಿ ಟಾಂಗ್! ಸಾವಿರ ಚಿಲ್ಲರೆ ಮತಗಳಿಂದ ತಮ್ಮ ಅನೋಟೆಯೇ ಗೆದ್ದರು. ರಾಜಧಾನಿ ದಕ್ಷಿಣ ತರಾವಾದಲ್ಲಿದ್ದ ಚೀನಾದ ಉಪಗ್ರಹ ನಿಗಾ ಕೇಂದ್ರ ಆಗ ದೊಡ್ಡ ವಿವಾದ. ಅದೇ ವರ್ಷ ಅವರು ತೈವಾನನ್ನು ಮಾನ್ಯ ಮಾಡಿದರು, ಚೀನಾ ಸಂಬಂಧ ಕಡಿದುಕೊಂಡಿತು, ಕೇಂದ್ರವೂ ಮುಚ್ಚಿತು. 2007 ಮತ್ತು 2012ರಲ್ಲಿ ಮತ್ತೆ ಗೆದ್ದರು. ಮೂರು ಅವಧಿಗಿಂತ ಹೆಚ್ಚಿಗೆ ಸಂವಿಧಾನದಲ್ಲಿ ಅವಕಾಶವಿಲ್ಲ, 2016ರ ಮಾರ್ಚಿನಲ್ಲಿ ಇಳಿದರು.

ನನ್ನ ಪ್ರಕಾರ ಅವರ ದೊಡ್ಡ ಕೆಲಸ 'ಘನತೆಯ ವಲಸೆ' ಎಂಬ ಯೋಚನೆ. ನಿರಾಶ್ರಿತರಾಗಿ ಕೈಚಾಚುವ ಬದಲು, ಕಸುಬು ಕಲಿತು, ಬೇಕೆನಿಸಿದವರು ಈಗಿನಿಂದಲೇ ಒಬ್ಬೊಬ್ಬರಾಗಿ ಹೋಗಲಿ ಅನ್ನುವುದು. ಅವರ ಕಾಲದಲ್ಲೇ ಆಸ್ಟ್ರೇಲಿಯಾದ ನೆರವಿನಿಂದ ಬ್ರಿಸ್ಬೇನಿನ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಕಿರಿಬಾಟಿಯ ಯುವಜನರಿಗೆ ನರ್ಸಿಂಗ್ ಓದಿಸಿದರು. ಈ ಜನರಿಗೆ ಸ್ಥಳಾಂತರದ ಹಳೆಯ ಗಾಯವೂ ಇದೆ. ಫಾಸ್ಫೇಟ್ ಗಣಿಗಾಗಿ ಬನಾಬಾ ದ್ವೀಪವನ್ನು ಅಗೆದು ಬರಿದು ಮಾಡಿದ ಬ್ರಿಟಿಷರು 1945ರಲ್ಲಿ ಅಲ್ಲಿನವರನ್ನು ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದ್ದರು. ಫಿಜಿ ಅಂದರೆ ಅವರಿಗೆ ಬರೀ ಪಕ್ಕದ ದೇಶವಲ್ಲ.

ಇನ್ನೊಂದು ದೊಡ್ಡ ಕೆಲಸ ಫೀನಿಕ್ಸ್ ದ್ವೀಪಗಳ ಸಂರಕ್ಷಿತ ಪ್ರದೇಶ: ನಾಲ್ಕು ಲಕ್ಷ ಚದರ ಕಿ.ಮೀ.ಗೂ ಹೆಚ್ಚು ಕಡಲು, 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ಮಾತ್ರ ನನಗೆ ಅವರ ಮೇಲೆ ತಕರಾರಿದೆ. ಜಗತ್ತು ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದ ಆರಂಭದ ವರ್ಷಗಳಲ್ಲಿ ಮೀನುಗಾರಿಕೆಗೆ ಪೂರ್ತಿ ನಿಷೇಧವಿದ್ದದ್ದು ಸುಮಾರು ಶೇ 3ರಷ್ಟು ಭಾಗದಲ್ಲಿ ಮಾತ್ರ. ಉಳಿದೆಡೆ ಟ್ಯೂನಾ ಹಡಗುಗಳು ಮೀನು ಹಿಡಿಯುತ್ತಲೇ ಇದ್ದವು. ವಾಣಿಜ್ಯ ಮೀನುಗಾರಿಕೆ ನಿಜವಾಗಿ ನಿಂತಿದ್ದು 2015ರ ಜನವರಿಯಲ್ಲಿ. 2021ರಲ್ಲಿ ಅವರ ನಂತರ ಬಂದ ಟಾನೆಟಿ ಮಾಮೌ ಸರ್ಕಾರ ಆ ಕಡಲನ್ನು ಮತ್ತೆ ತೆರೆಯುವುದಾಗಿ ಹೇಳಿತು. ಅದಕ್ಕೂ ಮೊದಲೇ, 2019ರಲ್ಲಿ, ತೈವಾನನ್ನು ಬಿಟ್ಟು ಚೀನಾದ ಕಡೆಗೆ ವಾಲಿತ್ತು.

ಊರಿನವರು ಏನನ್ನುತ್ತಾರೆ ಅಂತಲೂ ಕೇಳಿದ್ದೀರಿ. 2016ರಲ್ಲಿ ಟಾಂಗ್ ಪಕ್ಷದ ಅಭ್ಯರ್ಥಿ ಸೋತರು. ಆ ನರ್ಸ್ ಸ್ನೇಹಿತೆಯ ಅಮ್ಮನೂ ಮಾಮೌಗೇ ವೋಟು ಹಾಕಿದ್ದರು. ಹೊರದ್ವೀಪಗಳಲ್ಲಿ ಕೈಗೆ ನಗದು ಬರುವುದು ಕೊಬ್ಬರಿಯಿಂದ. ಮಾಮೌ ಬಂದ ಮೇಲೆ ಕಿಲೋಗೆ 2 ಆಸ್ಟ್ರೇಲಿಯನ್ ಡಾಲರ್ ಸಿಗುವಂತಾಯಿತು. "ಟಾಂಗ್ ಹೇಳಿದ್ದು ಸುಳ್ಳಲ್ಲ, ನಮ್ಮ ಹೊಂಡ ನೀನೇ ನೋಡಿದ್ದೀಯಲ್ಲ" ಅಂತ ಮಗಳಿಗೆ ಅಂದಿದ್ದರಂತೆ, "ಆದರೆ ಈ ತಿಂಗಳ ಅಕ್ಕಿ ನಾನು ಕೊಬ್ಬರಿ ಮಾರಿಯೇ ತರಬೇಕು."