ಪೆರೋವ್‌ಸ್ಕೈಟ್ ಪದರ ಮತ್ತು ನಿದ್ದೆಗೆಟ್ಟ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಬಂದವರು ಪೆರೋವ್‌ಸ್ಕೈಟ್ ಎಂಬ ಹರಳು ವಸ್ತುವಿನ ತೆಳು ಪದರ ಬಳಸುವ ಸೌರಕೋಶಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ನಿದ್ದೆ ಬರುತ್ತಿರಲಿಲ್ಲ, ಪ್ರಯೋಗಾಲಯದ ಬಾಗಿಲಿಗೆ ಬಂದೊಡನೆ ಎದೆ ಬಡಿದುಕೊಳ್ಳುತ್ತಿತ್ತು. ಹಿಂದಿನ ವಾರ ಚೆನ್ನಾಗಿ ಕೆಲಸ ಮಾಡಿದ ವಿಧಾನವೇ ಈ ವಾರ ಕೈಕೊಡುತ್ತಿದ್ದುದರಿಂದ, ತಮ್ಮ ಕೈಗುಣವೇ ಸರಿಯಿಲ್ಲವೆಂಬ ತೀರ್ಮಾನಕ್ಕೆ ಅವರು ಬಂದಿದ್ದರು.

ಪದರವನ್ನು ಹೇಗೆ ತಯಾರಿಸುತ್ತೀರಿ ಎಂದು ಕೇಳಿದೆ. ವೇಗವಾಗಿ ತಿರುಗುವ ಗಾಜಿನ ಮೇಲೆ ದ್ರಾವಣ ಹರಡುತ್ತಿರುವಾಗ ಆಂಟಿಸಾಲ್ವೆಂಟ್ (ಹರಳುಗಳು ಬೇಗ ಮೂಡುವಂತೆ ಮಾಡುವ ದ್ರವ) ಹನಿಸಲು ಸಿಗುವುದು ಕೆಲವೇ ಸೆಕೆಂಡುಗಳು. ಆ ಗಳಿಗೆ ತಪ್ಪಿದರೆ ಪದರ ನುಣುಪಾಗಿ ಹೊಳೆಯದೆ ಮಬ್ಬಾಗುತ್ತದೆ, ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ತೇವಾಂಶ ತಗುಲಿದರೆ ಕಡುಕಂದು ಪದರ ಅಂಚಿನಿಂದ ಹಳದಿಯಾಗಿ, ಲೆಡ್ ಅಯೊಡೈಡ್ ಎಂಬ ಸೀಸದ ಲವಣ ಉಳಿಯುತ್ತದೆ. ಇಷ್ಟನ್ನು ವಿವರಿಸುವಾಗ ಅವರ ಧ್ವನಿ ತಾನಾಗಿಯೇ ಸ್ಥಿರವಾಯಿತು. ತೇವಾಂಶ, ದ್ರಾವಣದ ವಯಸ್ಸು, ಹನಿಸಿದ ಗಳಿಗೆ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆಂದು ಇಷ್ಟು ಸ್ಪಷ್ಟವಾಗಿ ತಿಳಿದವರು, ವಿಫಲವಾದಾಗ ಮಾತ್ರ ಅವೆಲ್ಲವನ್ನೂ ಬಿಟ್ಟು ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದುದು ನನಗೆ ಮುಖ್ಯವೆನಿಸಿತು.

ಈ ಕ್ಷೇತ್ರದ ವೇಗವೂ ಅವರನ್ನು ಕಾಡುತ್ತಿತ್ತು. ಬೆಳಕನ್ನು ವಿದ್ಯುತ್ತಾಗಿಸುವಲ್ಲಿ 2009ರಲ್ಲಿ ಶೇ. 3.8ರಷ್ಟಿದ್ದ ಈ ಕೋಶಗಳ ದಕ್ಷತೆ ಇಂದು ಶೇ. 26ನ್ನು ದಾಟಿದೆ. ಆದರೆ ಆ ಏರುಗೆರೆಯ ಪ್ರತಿಯೊಂದು ಬಿಂದುವೂ ಒಂದು ಅತ್ಯುತ್ತಮ ಕೋಶದ ಅಳತೆ. ಅದರ ಜೊತೆ ತಯಾರಾಗಿ ಕೆಟ್ಟ ಕೋಶಗಳ ಲೆಕ್ಕ ಆ ನಕ್ಷೆಯಲ್ಲಿರುವುದಿಲ್ಲ. ತಮ್ಮ ಸರಾಸರಿಯನ್ನು ಲೋಕದ ಗರಿಷ್ಠದೊಂದಿಗೆ ಹೋಲಿಸಿಕೊಂಡರೆ ಯಾರಿಗೂ ನೆಮ್ಮದಿ ಸಿಗದು. ವೋಲ್ಟೇಜನ್ನು ಏರಿಸುತ್ತಾ ಅಳೆದರೆ ಒಂದು ಅಂಕಿ, ಇಳಿಸುತ್ತಾ ಅಳೆದರೆ ಇನ್ನೊಂದು ಅಂಕಿ ಬರುವುದುಂಟು; ಇಳಿಸುತ್ತಾ ಅಳೆದಾಗ ಬಂದ ಹೆಚ್ಚಿನ ಅಂಕಿಯನ್ನಷ್ಟೇ ವರದಿ ಮಾಡೋಣವೇ ಎಂಬ ಆಲೋಚನೆಯೂ ಬಂದಿತ್ತೆಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು.

ಎರಡೂ ದಿಕ್ಕಿನ ಅಳತೆಗಳನ್ನು, ಸ್ಥಿರಗೊಂಡ ವಿದ್ಯುತ್ ಉತ್ಪಾದನೆಯನ್ನು, ಒಟ್ಟಿಗೆ ತಯಾರಾದ ಇಡೀ ಬ್ಯಾಚಿನ ಅಂಕಿಗಳ ಹರಹನ್ನು ಮಾರ್ಗದರ್ಶಕರ ಮುಂದಿಡುವಂತೆ ಸಲಹೆ ನೀಡಿದೆ. ಬಚ್ಚಿಟ್ಟ ಅಂಕಿ ಭಯವನ್ನು ಬೆಳೆಸುತ್ತದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಭೇಟಿಯಲ್ಲಿ ಆಡಬೇಕಾದ ಮೊದಲ ಮಾತುಗಳನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. ಪ್ರತಿ ಬ್ಯಾಚಿಗೂ ತೇವಾಂಶ, ದ್ರಾವಣದ ವಯಸ್ಸು ಮತ್ತು ಹನಿಸಿದ ಗಳಿಗೆಯನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಲು ಹೇಳಿದೆ. ನಿದ್ದೆಗೆಟ್ಟ ರಾತ್ರಿಗಳಲ್ಲಿ ಒಬ್ಬರೇ ಪ್ರಯೋಗ ಮಾಡುವುದನ್ನು ನಿಲ್ಲಿಸಲು ಒತ್ತಾಯಿಸಿದೆ: ಸೀಸದ ಲವಣಗಳು ವಿಷಕಾರಿ, ಡೈಮಿಥೈಲ್‌ಫಾರ್ಮಮೈಡ್ ಎಂಬ ದ್ರಾವಕ ಚರ್ಮದ ಮೂಲಕವೂ ದೇಹ ಸೇರುತ್ತದೆ, ದಣಿದ ಕೈ ಅಲ್ಲಿ ಸುರಕ್ಷಿತವಲ್ಲ.

ಮಾರ್ಗದರ್ಶಕರು ಮೊದಲು ಅಸಮಾಧಾನ ತೋರಿದರೂ, ದಾಖಲೆಗಳನ್ನು ನೋಡಿದ ಮೇಲೆ ಬ್ಯಾಚಿನ ಹರಹನ್ನು ಪ್ರಬಂಧದಲ್ಲಿ ಸೇರಿಸಲು ಒಪ್ಪಿದರು. ನಿದ್ದೆ ಸುಧಾರಿಸಿದೆ. ಎದೆಬಡಿತ ಪೂರ್ತಿ ತಗ್ಗದ ಕಾರಣ ಮನೋವೈದ್ಯರ ಬಳಿ ಕಳುಹಿಸಿದ್ದೇನೆ; ನಮ್ಮ ಭೇಟಿಗಳೂ ಮುಂದುವರಿದಿವೆ.