ತೀರ್ಪು ಬಂದರೂ ಶಾಲೆಗಳು ಬದಲಾಗಲಿಲ್ಲ ಏಕೆ?

ಪ್ರಶ್ನೆ: ಬಿಳಿಯರಿಗೊಂದು, ಕಪ್ಪುಜನರಿಗೊಂದು ಶಾಲೆ ಇರಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ದಕ್ಷಿಣದ ರಾಜ್ಯಗಳು ಅದನ್ನು ಅಷ್ಟು ವರ್ಷ ತಪ್ಪಿಸಿಕೊಂಡದ್ದು ಹೇಗೆ? – ಓದುಗರು, ದಾವಣಗೆರೆ

ಉತ್ತರ: ಮೇ 17ರ ಆ ತೀರ್ಪಿನಲ್ಲಿ (ಬ್ರೌನ್ ತೀರ್ಪು ಎಂದೇ ಅದರ ಹೆಸರು) ಗಡುವು ಇರಲಿಲ್ಲ, ಮರುವರ್ಷದ ಎರಡನೇ ಆದೇಶದಲ್ಲೂ ಇರಲಿಲ್ಲ. ಗಲಭೆ, ಕಲ್ಲುತೂರಾಟಗಳ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಆದರೆ ಹೆಚ್ಚು ಹಾನಿ ಮಾಡಿದ್ದು ಮಕ್ಕಳನ್ನು ಶಾಲೆಗಳಿಗೆ ಹಂಚುವ ಅರ್ಜಿ ನಮೂನೆಗಳು. ಅಲಬಾಮಾದ 1955ರ ಕಾನೂನಿನಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ. ಕಲಿಕೆಯ ಮಟ್ಟ, ಮನಃಸ್ಥಿತಿ, ಶಾಂತಿಭಂಗದ ಸಂಭವ ಇವನ್ನೆಲ್ಲ ನೋಡಿ ಒಂದೊಂದು ಮಗುವಿಗೂ ಶಾಲೆ ಗೊತ್ತುಮಾಡಬಹುದಿತ್ತು. ಇಡೀ ಊರಿನ ಪರವಾಗಿ ಒಂದೇ ದಾವೆ ಹೂಡಿ ಗೆಲ್ಲುವ ದಾರಿ ಇದರಿಂದ ಕಷ್ಟವಾಯಿತು. ಮೇಲ್ಮನವಿ ಮುಗಿಯುವಷ್ಟರಲ್ಲಿ ಮಗು ಆ ತರಗತಿಯನ್ನೇ ದಾಟಿರುತ್ತಿತ್ತು. ಮೇಲ್ನೋಟಕ್ಕೆ ಈ ಕಾನೂನಿನಲ್ಲಿ ದೋಷವಿಲ್ಲ ಎಂಬ ನಿಲುವನ್ನು 1958ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದದ್ದು ದೊಡ್ಡ ಪೆಟ್ಟು.

ಭೇದ ಮಾಡುವ ಶಾಲೆಗಳಿಗೆ ಕೇಂದ್ರದ ಹಣ ನಿಲ್ಲಿಸಲು 1964ರ ಕಾಯಿದೆ ಅವಕಾಶ ಕೊಟ್ಟ ಮೇಲೆ 'ಇಷ್ಟಬಂದ ಶಾಲೆ ಆರಿಸಿಕೊಳ್ಳಿ' ಎಂಬ ಯೋಜನೆ ಹಬ್ಬಿತು. ವರ್ಜೀನಿಯಾ ರಾಜ್ಯದ ನ್ಯೂ ಕೆಂಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಇದ್ದದ್ದೇ ಎರಡು ಶಾಲೆ. ಮೂರು ವರ್ಷದಲ್ಲಿ ಒಬ್ಬ ಬಿಳಿಯ ವಿದ್ಯಾರ್ಥಿಯೂ ಕಪ್ಪು ಮಕ್ಕಳ ಶಾಲೆಗೆ ಬರಲಿಲ್ಲ; ಕಪ್ಪು ಮಕ್ಕಳಲ್ಲಿ ಶೇ. 85ರಷ್ಟು ಹಳೆಯ ಶಾಲೆಯಲ್ಲೇ ಉಳಿದರು. ಬೇರ್ಪಡಿಸಿದ್ದು ಶಾಲಾ ಮಂಡಳಿ, ಸರಿಪಡಿಸುವ ಹೊರೆ ಮಾತ್ರ ತಂದೆತಾಯಿಯ ತಲೆಗೆ! 1968ರಲ್ಲಿ ಸುಪ್ರೀಂ ಕೋರ್ಟ್ ಆ ಹೊರೆಯನ್ನು ಮಂಡಳಿಯ ಮೇಲೆಯೇ ಹೊರಿಸಿತು.

ಪ್ರಶ್ನೆ: ಒಂದು ಕೌಂಟಿ ಎಲ್ಲ ಸರಕಾರಿ ಶಾಲೆಗಳನ್ನೂ ಮುಚ್ಚಿಬಿಟ್ಟಿತ್ತಂತೆ, ನಿಜವೇ? – ಓದುಗರು, ಧಾರವಾಡ

ಉತ್ತರ: ನಿಜ. ಅದು ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ. ಬ್ರೌನ್ ತೀರ್ಪಿನಲ್ಲಿ ಸೇರಿದ ಮೊಕದ್ದಮೆಗಳಲ್ಲಿ ಒಂದು ಇಲ್ಲಿನದೇ. 1951ರಲ್ಲಿ 16ರ ಹರೆಯದ ಬಾರ್ಬರಾ ಜಾನ್ಸ್ ಮುಂದಾಳಾಗಿ ನಡೆಸಿದ ವಿದ್ಯಾರ್ಥಿ ಮುಷ್ಕರದಿಂದ ಹುಟ್ಟಿದ್ದು. ಶಾಲೆಗಳಿಗೆ ಬೀಗ ಹಾಕಲು 1959ರಲ್ಲಿ ಕೌಂಟಿ ಮಾಡಿದ್ದಿಷ್ಟೇ: ಶಾಲಾ ತೆರಿಗೆಯನ್ನೇ ವಿಧಿಸಲಿಲ್ಲ. ಬಿಳಿಯ ಮಕ್ಕಳಿಗಾಗಿ ಖಾಸಗಿ ಅಕಾಡೆಮಿ ತೆರೆದರು. ಅದರ ಶುಲ್ಕಕ್ಕೆ ಸರಕಾರಿ ಅನುದಾನ, ಅದಕ್ಕೆ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಕ್ಕಿತು. ಕೆಲವು ಕಪ್ಪು ಮಕ್ಕಳು ದೂರದ ನೆಂಟರ ಮನೆ ಸೇರಿ ಓದಿದರು, ಹಲವರು ಓದನ್ನೇ ಬಿಟ್ಟರು. ದೇಣಿಗೆಯ ಹಣದಿಂದ ಉಚಿತ ಶಾಲೆಗಳು ಶುರುವಾದದ್ದು 1963ರಲ್ಲಿ. ಮುಚ್ಚಿದಾಗ 6 ವರ್ಷವಿದ್ದ ಮಗುವಿಗೆ ಆಗ 10. ತೆರಿಗೆ ವಿಧಿಸುವಂತೆ ಕೌಂಟಿಗೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 1964ರ ಮೇ 25ರಂದು ಹೇಳಿದ ಬಳಿಕವೇ ಸರಕಾರಿ ಶಾಲೆಗಳು ತೆರೆದವು. ಆಗಲೂ ಒಳಗೆ ಬಂದವರು ಬಹುಪಾಲು ಕಪ್ಪು ಮಕ್ಕಳೇ; ಬಿಳಿಯರ ಮಕ್ಕಳು ಅಕಾಡೆಮಿಯಲ್ಲೇ ಉಳಿದರು.