ಬಳ್ಳಾರಿಯ ಪಿನ್‌ಕೋಡ್ 583101 ಅವಿಭಾಜ್ಯ ಸಂಖ್ಯೆಯೇ? ಅದರ ಗುಣಗಳೇನು?

ಅಲ್ಲ. ಅಂಕಿಗಳನ್ನು ಕೂಡಿ ನೋಡಿ: 5+8+3+1+0+1 = 18. ಮೊತ್ತ 9ರಿಂದ ಭಾಗವಾಗುವುದರಿಂದ ಮೂಲ ಸಂಖ್ಯೆಯೂ ಭಾಗವಾಗುತ್ತದೆ, ಭಾಗಲಬ್ಧ 64789.

ನಿಜವಾದ ಕೆಲಸ ಇಲ್ಲಿಂದ ಶುರು. 7, 11, 13 ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು, ಏಕೆಂದರೆ 7×11×13 = 1001. ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆದು ಕಳೆಯಿರಿ: 583−101 = 482. ಈ ಮೂರರಲ್ಲಿ ಯಾವುದೂ 482ನ್ನು ಭಾಗಿಸದು, ಹಾಗಾಗಿ 583101ನ್ನೂ ಭಾಗಿಸದು. ನೆರೆಯ ರಾಯಚೂರಿನ 584101ಕ್ಕೆ ಇದನ್ನೇ ಮಾಡಿದರೆ 483 ಬರುತ್ತದೆ, ಅದು 7×69. ಅಂದರೆ ರಾಯಚೂರಿನ ಸಂಖ್ಯೆ 7ರ ಗುಣಕ! ಶಾಲೆಯಲ್ಲಿ ಈ ಉಪಾಯವನ್ನು ಎಲ್ಲ ಮಕ್ಕಳಿಗೂ ಹೇಳಿಕೊಡಬೇಕೆಂಬುದು ನನ್ನ ಆಸೆ.

64789ರ ವರ್ಗಮೂಲ ಸುಮಾರು 254.5. ಆದ್ದರಿಂದ 251ರವರೆಗಿನ ಅವಿಭಾಜ್ಯಗಳನ್ನಷ್ಟೇ ಪ್ರಯತ್ನಿಸಿದರೆ ಸಾಕು. ಅಷ್ಟು ದೂರವೂ ಹೋಗಬೇಕಿಲ್ಲ, 67ರಲ್ಲಿ ಸಿಕ್ಕಿಬಿಡುತ್ತದೆ: 64789 = 67×967. 967 ಅವಿಭಾಜ್ಯ, ಅದರ ಕೊನೆಯ ಎರಡು ಅಂಕಿಗಳೂ 67 ಎಂಬುದು ಕಣ್ಣಿಗೆ ಹಬ್ಬ.

ಹೀಗೆ 583101 = 3²×67×967. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 3×2×2 = 12 ಭಾಜಕಗಳು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 272611. ಸಂಖ್ಯೆಗಿಂತ ಕಡಿಮೆ, ಆದ್ದರಿಂದ ಇದು ಪರಿಪೂರ್ಣ ಸಂಖ್ಯೆಯಲ್ಲ (ಪರಿಪೂರ್ಣವಾಗಿದ್ದರೆ ಈ ಮೊತ್ತ ಸಂಖ್ಯೆಗೇ ಸಮನಾಗಬೇಕಿತ್ತು). ಪೂರ್ಣ ವರ್ಗವೂ ಅಲ್ಲ: 763ರ ವರ್ಗ 582169, 764ರದ್ದು 583696. ಎರಡು ವರ್ಗಗಳ ಮೊತ್ತವಾಗಿಯೂ ಇದನ್ನು ಬರೆಯಲಾಗದು, ಏಕೆಂದರೆ 67ನ್ನು 4ರಿಂದ ಭಾಗಿಸಿದರೆ ಶೇಷ 3, ಮತ್ತು ಅದು ಇಲ್ಲಿ ಒಂದೇ ಬಾರಿ ಬಂದಿದೆ; ಅಂಥ ಅವಿಭಾಜ್ಯ ಬೆಸ ಸಂಖ್ಯೆಯಷ್ಟು ಬಾರಿ ಬಂದರೆ ಹಾಗೆ ಬರೆಯಲು ಸಾಧ್ಯವಿಲ್ಲ.